ಹೊಸ ವರ್ಷಕ್ಕೆ ಏನು ತಿಂದರೆ ಒಳ್ಳೆಯದು? ಬೇವು-ಬೆಲ್ಲದಿಂದ ಹನ್ನೆರಡು ದ್ರಾಕ್ಷಿಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬನಶಂಕರಿ ಕಡೆಯ ಹಳೇ ಅಪಾರ್ಟ್‌ಮೆಂಟ್. ಒಂದೇ ಲಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ, ಗುಜರಾತಿ ಎಲ್ಲವೂ ಮೇಲೆ ಕೆಳಗೆ ಓಡಾಡುತ್ತವೆ. ಒಂದು ಯುಗಾದಿಗೆ ಎಲ್ಲ ಮಹಡಿಗೂ ಒಬ್ಬಟ್ಟು ಹಂಚಿದ ತಪ್ಪಿಗೆ ನಾನು ಇಲ್ಲಿನ ಹಬ್ಬದಡುಗೆಯ ವಿಚಾರಣೆ ಕೌಂಟರ್ ಆಗಿಬಿಟ್ಟಿದ್ದೇನೆ. ಡಿಸೆಂಬರ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು. ಪ್ರತಿ ಸಲ ಟೈಪ್ ಮಾಡಿ ಬೆರಳು ಸೋತು, ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಇದು ಹೇಳಿ: ಹೊಸ ವರ್ಷ ಜನವರಿ 1ಕ್ಕೋ, ಯುಗಾದಿಗೋ?

ಎರಡಕ್ಕೂ. ಬೆಂಗಳೂರಿನಲ್ಲಿ ಇನ್ನೂ ನಾಲ್ಕೈದು ಇವೆ. ಜನವರಿ 1 ಕ್ಯಾಲೆಂಡರಿನದು. ಯುಗಾದಿ ಚೈತ್ರ ಶುದ್ಧ ಪಾಡ್ಯಮಿ, ಚಂದ್ರನ ಲೆಕ್ಕ. ಅದಕ್ಕೇ ಪ್ರತಿ ವರ್ಷ ತಾರೀಕು ಅಲ್ಲಾಡುತ್ತದೆ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಮೊದಲನೆಯದು ವಿಶ್ವಾವಸು ಸಂವತ್ಸರ, ಎರಡನೆಯದು ಪರಾಭವ. ಅರವತ್ತು ಹೆಸರುಗಳು ಸುತ್ತು ಹಾಕುತ್ತಿರುತ್ತವೆ. "ಪರಾಭವ ಅಂದರೆ ಸೋಲು ಅಲ್ವಾ, ವರ್ಷ ಕೆಟ್ಟದ್ದಾ" ಎಂದು ಗಾಬರಿಯಾಗಬೇಡಿ. ಹೆಸರಿನ ಸರದಿ ಅಷ್ಟೇ.

ಮರಾಠಿಗರ ಗುಡಿ ಪಾಡ್ವ, ತೆಲುಗರ ಉಗಾದಿ, ನಮ್ಮ ಯುಗಾದಿ ಮೂರೂ ಒಂದೇ ದಿನ. ಮಾರ್ಚ್ 21ರ ಆಸುಪಾಸಿನಲ್ಲಿ ಪಾರ್ಸಿಗಳ ನವರೋಜ್. ಏಪ್ರಿಲ್ 14-15ಕ್ಕೆ ಸೂರ್ಯನ ಲೆಕ್ಕದವರ ಸರದಿ: ತುಳುವರ ಬಿಸು, ಮಲಯಾಳಿಗಳ ವಿಷು, ತಮಿಳರ ಪುತ್ತಾಂಡು, ಬಂಗಾಳಿಗಳ ಪೊಯ್ಲಾ ಬೈಶಾಖ್. ಗುಜರಾತಿಗಳದು ದೀಪಾವಳಿಯ ಮಾರನೇ ದಿನ. ತಿನ್ನಲು ಮನಸ್ಸಿದ್ದರೆ ಈ ಊರಿನಲ್ಲಿ ಹೊಸ ವರ್ಷಕ್ಕೆ ಬರವಿಲ್ಲ.

ಸಂಕ್ರಾಂತಿಯ ಎಳ್ಳು-ಬೆಲ್ಲವೂ ಇದೇ ಲೆಕ್ಕಕ್ಕಾ?

ಅಲ್ಲ. ಸಂಕ್ರಾಂತಿ ಸುಗ್ಗಿ ಹಬ್ಬ. ಜನವರಿ 1 ಆಗಿ ಎರಡೇ ವಾರಕ್ಕೆ ಬರುವುದರಿಂದ ಹೊಸಬರಿಗೆ ಗೊಂದಲ. ಎಳ್ಳು, ಕಡಲೇಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಸೇರಿಸಿ "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ" ಎನ್ನುತ್ತೇವೆ. ಅಲ್ಲಿ ಕೇಳುವುದು ಅದೃಷ್ಟವನ್ನಲ್ಲ, ಬಾಯಿ ಸ್ವಲ್ಪ ನೆಟ್ಟಗಿರಲಿ ಅಂತ.

ಎಲ್ಲರೂ ಹೊಸ ವರ್ಷಕ್ಕೆ ಸಿಹಿ ತಿಂತಾರೆ. ನಾವು ಯಾಕೆ ಕಹಿ ತಿನ್ನೋದು?

ಇದು ನನಗೆ ಅತಿ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಬ್ಬದ ದಿನ ಹಾಗಲಕಾಯಿ ಅಡುಗೆಮನೆಗೆ ಬರುವುದಿಲ್ಲ. ನಮ್ಮ ಅಜ್ಜಿಯಂತೂ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಅದು ತಿಥಿಯ ಅಡುಗೆ. ಮದುವೆಗಿಲ್ಲ, ಗೃಹಪ್ರವೇಶಕ್ಕಿಲ್ಲ, ಗೌರಿ-ಗಣೇಶನಿಗೂ ಇಲ್ಲ. ಇಷ್ಟು ಕಟ್ಟುನಿಟ್ಟಾಗಿ ಕಹಿಯನ್ನು ಹೊರಗಿಟ್ಟ ಮನೆಗಳೇ ವರ್ಷದ ಮೊದಲ ದಿನ, ದೇವರ ಮುಂದೆ, ತಿಂಡಿಗೂ ಮುಂಚೆ ಬೇವನ್ನು ಬಾಯಿಗೆ ಹಾಕುತ್ತವೆ. ವಿಚಿತ್ರ ಅಲ್ವಾ?

ಬೇರೆ ದೇಶಗಳ ಹೊಸ ವರ್ಷದ ಊಟ ನೋಡಿ. ಬೇಳೆಯಲ್ಲಿ ಕಾಸು ಕಾಣುತ್ತಾರೆ, ಸೊಪ್ಪಿನಲ್ಲಿ ನೋಟು ಕಾಣುತ್ತಾರೆ, ಉದ್ದನೆಯ ನೂಡಲ್ಸ್‌ನಲ್ಲಿ ಉದ್ದ ಆಯಸ್ಸು ಕಾಣುತ್ತಾರೆ. ಕೇಳುವುದೆಲ್ಲ ಒಳ್ಳೆಯದನ್ನೇ. ನಮ್ಮ ಎಲೆಯಲ್ಲಿ ಮಾತ್ರ ಕೆಟ್ಟ ದಿನಗಳಿಗೂ ಮೊದಲೇ ಒಂದು ಜಾಗ ಬಿಟ್ಟಿರುತ್ತಾರೆ. ಇದನ್ನು "ಅದೃಷ್ಟದ ತಿಂಡಿ" ಎಂದು ಕರೆದರೆ ನನಗೆ ಸ್ವಲ್ಪ ಕಸಿವಿಸಿ. ಲಾಟರಿಗಿಂತ ಇದು ಕರಾರುಪತ್ರ ಇದ್ದ ಹಾಗೆ. ಎರಡೂ ಬರುತ್ತೆ, ಒಪ್ಪಿದ್ದೀಯಾ? ಒಪ್ಪಿದ್ದೀನಿ, ಬೆಲ್ಲ ಸ್ವಲ್ಪ ಜಾಸ್ತಿ ಹಾಕು.

ಹಾಗಂತ ಹಿರಿಯರಿಗೆ ಆಸೆ ಇರಲಿಲ್ಲ ಎಂದಲ್ಲ. ಬೇವು-ಬೆಲ್ಲ ತಿನ್ನುವಾಗ ಹೇಳುವ ಶ್ಲೋಕ "ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ" ಎಂದು ಶುರುವಾಗುತ್ತದೆ. ನೂರು ವರ್ಷ ಆಯಸ್ಸು, ವಜ್ರದಂಥ ಮೈ, ಸಕಲ ಸಂಪತ್ತು. ಪಟ್ಟಿ ಚಿಕ್ಕದೇನಲ್ಲ.

ಮಾಡೋದು ಹೇಗೆ? ನಮ್ಮ ಅತ್ತೆ ಮನೆಯಲ್ಲಿ ಕುಡಿಯೋಕೆ ಕೊಟ್ಟರು!

ಹಾಗಾದರೆ ನಿಮ್ಮ ಅತ್ತೆ ಮನೆ ಉತ್ತರ ಕರ್ನಾಟಕದ ಕಡೆ ಇರಬೇಕು. ಅಲ್ಲಿ ಅದರ ಹೆಸರೇ "ಬೇವು". ಹುಣಸೆಹಣ್ಣು ಅಥವಾ ಮಾವಿನಕಾಯಿಯ ನೀರಿಗೆ ಬೆಲ್ಲ, ಪುಟಾಣಿ ಹಿಟ್ಟು, ಗಸಗಸೆ, ಒಣದ್ರಾಕ್ಷಿ, ಉತ್ತತ್ತಿ, ಗೋಡಂಬಿ ಹಾಕಿ, ಮೇಲೆ ಬೇವಿನ ಹೂ ಉದುರಿಸುತ್ತಾರೆ. ಲೋಟಗಟ್ಟಲೆ ಕುಡಿಯುತ್ತಾರೆ. ಬಿಸಿಲಿನ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸಲ ಕುಡಿದಾಗ, ನಾವು ಬೆಂಗಳೂರಿನವರು ಇಷ್ಟು ವರ್ಷ ಚಿಟಿಕೆಯಷ್ಟು ನೆಕ್ಕಿ ಮೋಸ ಹೋದೆವಲ್ಲ ಅನ್ನಿಸಿತು.

ನಮ್ಮ ಕಡೆಯದು ಸುಲಭ. ಬೇವಿನ ಹೂವಿನ ಎಸಳು ಒಂದು ಚಮಚ, ಪುಡಿ ಮಾಡಿದ ಬೆಲ್ಲ ಮೂರು-ನಾಲ್ಕು ಚಮಚ, ಹುರಿಗಡಲೆ ಎರಡು ಚಮಚ, ಮೇಲೆ ಅರ್ಧ ಚಮಚ ತುಪ್ಪ. ಹೂ ಸಿಗದಿದ್ದರೆ ನಾಲ್ಕೈದು ಎಳೇ ಚಿಗುರನ್ನು ಸಣ್ಣಗೆ ಹೆಚ್ಚಿ ಹಾಕಿ. ಬಲಿತ ಎಲೆ ಬೇಡ, ಅದರ ಕಹಿ ಮಧ್ಯಾಹ್ನದವರೆಗೂ ನಾಲಿಗೆ ಬಿಡುವುದಿಲ್ಲ.

ತೆಲುಗರ ಉಗಾದಿ ಪಚ್ಚಡಿಯಲ್ಲಿ ಆರು ರುಚಿಗಳು ಇರಲೇಬೇಕು: ಬೇವಿನ ಹೂ, ಬೆಲ್ಲ, ಹುಣಸೆ, ಉಪ್ಪು, ಖಾರ, ಮಾವಿನಕಾಯಿಯ ಒಗರು. ತಮಿಳರ ಮಾಂಗಾ ಪಚಡಿ ಬೆಲ್ಲದಲ್ಲಿ ಬೆಂದ ಮಾವಿನಕಾಯಿ. ಅದರ ಮೇಲೆ ತುಪ್ಪದಲ್ಲಿ ಹುರಿದ ಬೇವಿನ ಹೂ. ಮರಾಠಿಗರು ಬೇವಿನೆಲೆ-ಬೆಲ್ಲ ತಿಂದು ಶ್ರೀಖಂಡ-ಪೂರಿಗೆ ಕೂರುತ್ತಾರೆ. ಇವೆಲ್ಲ ಹೀಗೆ ಹೊಂದಲು ಕಾರಣ ಮಾರುಕಟ್ಟೆಗೆ ಹೋದರೆ ಗೊತ್ತಾಗುತ್ತದೆ. ಬೇವು ಹೂ ಬಿಡುವುದು, ಮಾವು ಕಾಯಿ ಕಟ್ಟುವುದು, ಹೊಸ ಹುಣಸೆ ಬರುವುದು, ಹೊಸ ಬೆಲ್ಲ ಅಂಗಡಿಗೆ ಇಳಿಯುವುದು ಎಲ್ಲವೂ ಹೆಚ್ಚುಕಮ್ಮಿ ಇದೇ ವಾರಗಳಲ್ಲಿ.

ಬೇವಿನ ಹೂ ಎಲ್ಲಿ ಸಿಗುತ್ತೆ? ರಸ್ತೆ ಬದಿ ಮರದ್ದು ಕೀಳಬಹುದಾ?

ಹಬ್ಬದ ಹಿಂದಿನ ಎರಡು ದಿನ ಕೆ.ಆರ್. ಮಾರ್ಕೆಟ್, ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಅಡ್ಡರಸ್ತೆ ಎಲ್ಲ ಕಡೆ ಮಾವಿನ ಸೊಪ್ಪಿನ ಜೊತೆಗೇ ಬೇವಿನ ಕಟ್ಟು ಇಟ್ಟಿರುತ್ತಾರೆ. ಹೂ ಇರುವ ಕಟ್ಟನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಏಳರೊಳಗೆ ಹೋದರೆ ಚೌಕಾಸಿಗೂ ಜಾಗವಿರುತ್ತದೆ, ಗಾಡಿ ನಿಲ್ಲಿಸಲೂ ಜಾಗವಿರುತ್ತದೆ. ಹತ್ತರ ಮೇಲೆ ಎರಡೂ ಇಲ್ಲ.

ರಸ್ತೆ ಬದಿಯ ಮರದ್ದು ಧೂಳು ತಿಂದಿರುತ್ತದೆ. ಚೆನ್ನಾಗಿ ತೊಳೆಯದೆ ಬಳಸಬೇಡಿ. ಇನ್ನೊಂದು ಎಚ್ಚರ: ಬೇವಿನ ಥರವೇ ಕಾಣುವ ಬೇರೆ ಮರಗಳೂ ನಮ್ಮ ಪಾರ್ಕುಗಳಲ್ಲಿವೆ. ನಿಜವಾದ ಬೇವಿನ ಹೂ ಬಿಳಿ, ಪುಟ್ಟದು, ಜೇನಿನಂಥ ವಾಸನೆ. ಹೂವಿಗೆ ನೇರಳೆ ಛಾಯೆ ಇದ್ದರೆ ಅದು ಬೇವಲ್ಲ, ಅದನ್ನು ತಿನ್ನಬಾರದು. ಸಂಶಯ ಬಂದರೆ ಮಾರುಕಟ್ಟೆಯ ಅಜ್ಜಿಯಿಂದಲೇ ಕೊಂಡುಕೊಳ್ಳಿ.

ಬೆಲ್ಲದ ಬಗ್ಗೆಯೂ ಒಂದು ಮಾತು. ಹಳದಿಯಾಗಿ ಮಿನುಗುವ ಬೆಲ್ಲ ಚೆಂದ ಕಾಣುತ್ತದೆ, ಆದರೆ ಆ ಬಣ್ಣ ಬರಿಸಲು ಎಷ್ಟೋ ಸಲ ರಾಸಾಯನಿಕ ಹಾಕಿರುತ್ತಾರೆ. ಕಂದು ಬಣ್ಣದ ಮಂಡ್ಯದ ಬೆಲ್ಲವೇ ನನಗೆ ಸಮಾಧಾನ.

ಮಕ್ಕಳು ಬೇವು ಮುಟ್ಟೋದೇ ಇಲ್ಲ. ಒತ್ತಾಯ ಮಾಡಬೇಕಾ?

ಬೇಡ. ಒಂದು ಎಸಳು ಸಾಕು. ನಾವೆಲ್ಲ ಬೆಲ್ಲ ಹೆಕ್ಕಿ ತಿಂದೇ ದೊಡ್ಡವರಾದವರು. ಬೇವಿನ ಎಣ್ಣೆಯನ್ನು ಮಾತ್ರ ಮಕ್ಕಳಿಗೆ ಯಾವ ಕಾರಣಕ್ಕೂ ಕುಡಿಸಬಾರದು, ಅದು ವಿಷವಾಗಬಹುದು. ಗರ್ಭಿಣಿಯರು ಶಾಸ್ತ್ರಕ್ಕೆ ನಾಲಿಗೆಗೆ ಮುಟ್ಟಿಸಿಕೊಂಡರೆ ಸಾಕು. ಬೇವಿನ ರಸ, ಕಷಾಯ ಬೇಡ.

ಒಬ್ಬಟ್ಟೋ, ಹೋಳಿಗೆಯೋ? ಎರಡೂ ಬೇರೆ ಬೇರೆನಾ?

ಒಂದೇ. ನಮ್ಮಜ್ಜಿ ಒಬ್ಬಟ್ಟು ಎನ್ನುತ್ತಿದ್ದರು, ಧಾರವಾಡದ ನೆಂಟರು ಹೋಳಿಗೆ ಎನ್ನುತ್ತಾರೆ, ಅಂಗಡಿ ಬೋರ್ಡುಗಳೆಲ್ಲ ಈಗ ಹೋಳಿಗೆ. ನಮ್ಮ ಕಡೆ ತೊಗರಿಬೇಳೆ, ಅವರ ಕಡೆ ಕಡ್ಲೆಬೇಳೆ. ಜಗಳವಾಡುವುದಿದ್ದರೆ ಅದಕ್ಕೆ ಆಡಬಹುದು.

ಪ್ರತಿ ವರ್ಷ ನನ್ನ ಹೂರಣ ನೀರಾಗುತ್ತೆ. ಏನು ತಪ್ಪು?

ಬೇಳೆ ಜಾಸ್ತಿ ಬೇಯುತ್ತಿದೆ. ಕುಕ್ಕರ್‌ನಲ್ಲಿ ಸೀಟಿ ಎಣಿಸುವವರಿಗೆ ಇದು ತಪ್ಪದು. ಅಗಲ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ. ಬೇಳೆ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗಬೇಕು, ಆದರೆ ಪಾತ್ರೆಯಲ್ಲಿ ಕರಗಿರಬಾರದು. ಆಗ ಬಸಿಯಿರಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಕೈ ಮುಗಿದು ಕೇಳುತ್ತೇನೆ. ಒಂದು ಲೋಟ ಬೇಳೆಗೆ ಒಂದು ಲೋಟ ಬೆಲ್ಲದ ಪುಡಿ, ಸಿಹಿ ಕಮ್ಮಿ ಬೇಕಾದರೆ ಮುಕ್ಕಾಲು. ಒಲೆಯ ಮೇಲೆ ಬೆಲ್ಲ ಕರಗಿ ನೀರೆಲ್ಲ ಹಿಂಗಿದ ಮೇಲೆ ಏಲಕ್ಕಿ ಹಾಕಿ ರುಬ್ಬಿ. ಈಗಾಗಲೇ ನೀರಾಗಿದ್ದರೆ ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕೂತಿರಿ. ಬೇರೆ ದಾರಿಯಿಲ್ಲ. ಹುರಿಗಡಲೆ ಪುಡಿ ಹಾಕಿ ಗಟ್ಟಿ ಮಾಡುವವರಿದ್ದಾರೆ. ನಾಲಿಗೆಗೆ ಗೊತ್ತಾಗಿಬಿಡುತ್ತದೆ.

ಕಣಕಕ್ಕೆ ಮೈದಾ ಅಥವಾ ಮೈದಾ-ಚಿರೋಟಿ ರವೆ ಅರ್ಧರ್ಧ, ಚಿಟಿಕೆ ಅರಿಶಿನ. ಚಪಾತಿ ಹಿಟ್ಟಿಗಿಂತ ತುಂಬಾ ಮೆತ್ತಗೆ, ಕೈಗೆ ಅಂಟುವ ಹಾಗೆ ಕಲಸಿ. ಮೇಲೆ ಧಾರಾಳವಾಗಿ ಎಣ್ಣೆ ಸುರಿದು ಎರಡು-ಮೂರು ಗಂಟೆ ನೆನೆಯಲು ಬಿಡಿ. ಈ ನೆನೆಯುವ ಹೊತ್ತಿನಲ್ಲಿ ಜಿಪುಣತನ ಮಾಡಿದವರ ಒಬ್ಬಟ್ಟೇ ಹರಿಯುವುದು. ತಟ್ಟಲು ಬಾಳೆ ಎಲೆ ಒಳ್ಳೆಯದು. ಅದಿಲ್ಲದಿದ್ದರೆ ಎಣ್ಣೆ ಹಚ್ಚಿದ ದಪ್ಪ ಕವರ್.

ಇನ್ನು ಆ ಕಟ್ಟು. ಅದಕ್ಕೆ ಒಂದು ಮುಷ್ಟಿ ಹೂರಣ, ಹುಣಸೆ ರಸ, ಸಾರಿನ ಪುಡಿ, ಹುರಿದು ರುಬ್ಬಿದ ಕೊತ್ತಂಬರಿ ಬೀಜ-ತೆಂಗಿನಕಾಯಿ ಹಾಕಿ ಕುದಿಸಿ, ಸಾಸಿವೆ-ಇಂಗು-ಕರಿಬೇವಿನ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ನನ್ನ ಪ್ರಕಾರ ಯುಗಾದಿಯ ನಿಜವಾದ ಅಡುಗೆ ಇದೇ. ಒಬ್ಬಟ್ಟು ಇದರ ನೆಪ. ಮಾರನೇ ದಿನಕ್ಕೆ ಇನ್ನೂ ರುಚಿ.

ಅಂಗಡಿಯಿಂದ ತಂದರೆ ಹಬ್ಬ ಆಗಲ್ವಾ?

ಯಾಕಾಗಲ್ಲ? ಬೆಂಗಳೂರಿನಲ್ಲಿ ಈಗ ಬೀದಿಗೊಂದು ಹೋಳಿಗೆ ಅಂಗಡಿ. ಕಾವಲಿಯಿಂದ ಬಿಸಿಬಿಸಿ ಎತ್ತಿ ಕೊಡುತ್ತಾರೆ. ಒಂದೇ ಮಾತು, ಹಬ್ಬದ ದಿನದ ಡೆಲಿವರಿ ನಂಬಬೇಡಿ. ಒಂದು ವರ್ಷ ನನಗೆ ಹುಷಾರಿಲ್ಲದೆ ಒಂದು ಕಡೆ ಮೂವತ್ತು ಹೋಳಿಗೆ ಹೇಳಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಬರಬೇಕಿದ್ದದ್ದು ಸಂಜೆ ಐದಕ್ಕೆ ಬಂತು. ಬಿಸಿಯಲ್ಲೇ ಡಬ್ಬಿಗೆ ತುಂಬಿ ಮುಚ್ಚಿದ್ದರಿಂದ ಬೆವರಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂವತ್ತು ಹೋಳಿಗೆಯ ಜಾಗದಲ್ಲಿ ಒಂದೇ ದಪ್ಪ ಹೋಳಿಗೆ. ನಾವದನ್ನು ಚಾಕುವಿನಿಂದ ಕೇಕಿನ ಥರ ಕತ್ತರಿಸಿ ತಿಂದೆವು. ಈಗ ಹಿಂದಿನ ಸಂಜೆ ನಾನೇ ಹೋಗಿ, ಆರಿಸಿ ಕಟ್ಟಿಸಿಕೊಂಡು ಬರುತ್ತೇನೆ.

ಯುಗಾದಿ ಮಾರನೇ ದಿನ ಮಟನ್ ಅಂಗಡಿ ಮುಂದೆ ಅಷ್ಟುದ್ದ ಕ್ಯೂ ಯಾಕೆ?

ಅದು ಹೊಸತೊಡಕು. ವರ್ಷತೊಡಕು ಎಂದೂ ಹೇಳುತ್ತಾರೆ. ಯುಗಾದಿಯ ದಿನ ಸಿಹಿ ಊಟ, ಮಾರನೇ ದಿನ ಬಾಡೂಟ. ಬೆಂಗಳೂರು, ರಾಮನಗರ, ಮಂಡ್ಯ, ತುಮಕೂರು, ಕೋಲಾರದ ಕಡೆಯವರಿಗೆ ಇದಿಲ್ಲದೆ ಯುಗಾದಿ ಮುಗಿಯುವುದೇ ಇಲ್ಲ. ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಬೆಳಕು ಹರಿಯುವ ಮುಂಚೆಯೇ ಜನ ನಿಂತಿರುತ್ತಾರೆ. ಪೇಪರಿನಲ್ಲಿ ಪ್ರತಿ ವರ್ಷ ಆ ಕ್ಯೂದೇ ಫೋಟೋ.

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎನ್ನುವ ನಂಬಿಕೆ ಇದೆ. ಹಾಗಾಗಿ ಆ ದಿನ ಸಾಲ ಕೇಳಬಾರದು, ಅಳಬಾರದು, ಜಗಳ ಬೇಡ, ಹೊಟ್ಟೆ ತುಂಬಾ ತಿನ್ನಬೇಕು. ಅದೃಷ್ಟದ ಊಟ ಎಂಬ ಮಾತು ನಮ್ಮಲ್ಲಿ ಯಾವುದಕ್ಕಾದರೂ ಸರಿಯಾಗಿ ಹೊಂದುವುದಿದ್ದರೆ ಈ ಬಾಡೂಟಕ್ಕೇ. ಇವತ್ತು ಎಲೆಯಲ್ಲಿ ಮಾಂಸ ಇದ್ದರೆ ವರ್ಷಪೂರ್ತಿ ಇರುತ್ತದೆ.

ಹಳ್ಳಿಗಳಲ್ಲಿ ಗುಡ್ಡೆ ಮಾಂಸದ ಪದ್ಧತಿ ಇದೆ. ತಿಂಗಳುಗಟ್ಟಲೆ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ಕುರಿ-ಮೇಕೆ ತಂದು, ಕಡಿದು, ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಒಂದೊಂದು ಗುಡ್ಡೆಗೂ ತೊಡೆ, ಪಕ್ಕೆ, ಈಲಿ, ಕೊಬ್ಬು ಎಲ್ಲ ಸ್ವಲ್ಪಸ್ವಲ್ಪ ಬರಬೇಕು. ಬೆಂಗಳೂರಿನ ಅಂಚಿನ ಊರುಗಳಲ್ಲೂ ಈ ಚೀಟಿ ಇನ್ನೂ ನಡೆಯುತ್ತದೆ. ಮನೆಯಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ. ಸಂಜೆ ಚಂದ್ರನನ್ನು ಹುಡುಕುತ್ತಾ ಟೆರೇಸ್ ಮೇಲೆ ಎಲ್ಲರೂ. ನಾನು ಸಸ್ಯಾಹಾರಿ ಮನೆಯಲ್ಲಿ ಬೆಳೆದವಳು. ಆದರೂ ಆ ದಿನ ಇಡೀ ಬೀದಿಯಲ್ಲಿ ಹುರಿದ ಮಸಾಲೆಯ ವಾಸನೆ ಬರದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ.

ಕರಾವಳಿಯವರು ಏನು ತಿಂತಾರೆ?

ತುಳುನಾಡಿನ ಬಿಸುವಿನಲ್ಲಿ ಮೊದಲು ನೋಡುವುದು, ಆಮೇಲೆ ತಿನ್ನುವುದು. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ಕನ್ನಡಿ ಎಲ್ಲ ಜೋಡಿಸಿ ಕಣಿ ಇಡುತ್ತಾರೆ. ಎದ್ದ ತಕ್ಷಣ ಕಣ್ಣು ಬಿಡುವುದು ಅದರ ಮುಂದೆ. ಊಟಕ್ಕೆ ಪಾಯಸ. ಕೊಂಕಣಿ ಮನೆಗಳಲ್ಲಿ ಆ ಕಾಲಕ್ಕೆ ಎಳೇ ಗೇರುಬೀಜ ಹಾಕಿದ ತೊಂಡೆಕಾಯಿ ಉಪ್ಕರಿ ಮಾಡುತ್ತಾರೆ. ಬೆಂಗಳೂರಿನಲ್ಲಿ ಹಸಿ ಗೇರುಬೀಜದ ಬೆಲೆ ಕೇಳಿದರೆ ಕಣಿಯಷ್ಟೇ ದೂರದಿಂದ ನೋಡಿ ಬರಬೇಕಾಗುತ್ತದೆ.

ಡಿಸೆಂಬರ್ 31ರ ರಾತ್ರಿ ಹನ್ನೆರಡು ದ್ರಾಕ್ಷಿ ತಿನ್ನೋದು ಏನು ಕಥೆ?

ಸ್ಪೇನಿನದು. ರಾತ್ರಿ ಹನ್ನೆರಡಕ್ಕೆ ಗಡಿಯಾರ ಬಾರಿಸುವಾಗ ಪ್ರತಿ ಬಡಿತಕ್ಕೆ ಒಂದು ದ್ರಾಕ್ಷಿ, ಹನ್ನೆರಡು ತಿಂಗಳಿಗೆ ಹನ್ನೆರಡು. ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ನೋಡಿಕೊಂಡು ಇಡೀ ದೇಶ ಟಿವಿ ಮುಂದೆ ಬಾಯಿ ತುಂಬಿಕೊಳ್ಳುತ್ತದೆ. ಬಡಿತಕ್ಕೆ ಮೂರು ಸೆಕೆಂಡ್, ಒಟ್ಟು 36 ಸೆಕೆಂಡ್. ಅಷ್ಟರೊಳಗೆ ಮುಗಿಸಬೇಕು.

1909ರಲ್ಲಿ ಅಲಿಕಾಂತೆ ಕಡೆ ದ್ರಾಕ್ಷಿ ವಿಪರೀತ ಬೆಳೆದು, ಅದನ್ನು ಮಾರಲು ಬೆಳೆಗಾರರು ಹುಟ್ಟುಹಾಕಿದ ಪದ್ಧತಿ ಎಂಬ ಕಥೆ ಜನಪ್ರಿಯ. ಆದರೆ 19ನೇ ಶತಮಾನದ ಕೊನೆಯ ಸ್ಪೇನಿನ ಪತ್ರಿಕೆಗಳಲ್ಲೇ ಹೊಸ ವರ್ಷದ ದ್ರಾಕ್ಷಿಯ ಪ್ರಸ್ತಾಪವಿದೆ. ಬೆಳೆಗಾರರು ಇದ್ದದ್ದನ್ನೇ ದೊಡ್ಡದು ಮಾಡಿದರು ಎನ್ನುವುದು ಸರಿ. ಟೇಬಲ್ ಕೆಳಗೆ ಕೂತು ತಿಂದರೆ ಮದುವೆಯಾಗುತ್ತದೆ ಎನ್ನುವುದು ರೀಲ್ಸ್‌ನಿಂದ ಹಬ್ಬಿದ್ದು. 2024ರ ಡಿಸೆಂಬರ್ 31ರಂದು ನಮ್ಮ ದೇಶದ ಡೆಲಿವರಿ ಆ್ಯಪ್‌ಗಳಲ್ಲಿ ದ್ರಾಕ್ಷಿಗೆ ದಿಢೀರ್ ಬೇಡಿಕೆ ಬಂದದ್ದು ಸುದ್ದಿಯೂ ಆಯಿತು. ನಮ್ಮ ಮೂರನೇ ಮಹಡಿಯ ಹುಡುಗಿ ಆ ವರ್ಷ ಡೈನಿಂಗ್ ಟೇಬಲ್ ಕೆಳಗಿಂದ ಏಳುವಾಗ ತಲೆ ಹೊಡೆಸಿಕೊಂಡಳು. ವರ ಇನ್ನೂ ಸಿಕ್ಕಿಲ್ಲ.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಮಾಡಬಹುದಾ?

ಅಭಿಮಾನ ಸರಿ, ಆದರೆ 36 ಸೆಕೆಂಡಿಗೆ ಆಗದ ಮಾತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ವಾಸನೆಗೆ ಸಾಟಿಯಿಲ್ಲ. ಆದರೆ ಸಿಪ್ಪೆ ದಪ್ಪ, ಒಳಗೆ ಬೀಜ. ಹಿಸುಕಿ ನಿಧಾನವಾಗಿ ತಿನ್ನಬೇಕಾದ ಹಣ್ಣು. ಬೀಜವಿಲ್ಲದ ಹಸಿರು ದ್ರಾಕ್ಷಿ ತನ್ನಿ.

ಚಿಕ್ಕ ಮಕ್ಕಳಿಗೆ ಈ ಆಟ ಬೇಡವೇ ಬೇಡ. ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಐದು ವರ್ಷದೊಳಗಿನವರಿಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ, ಗಡಿಯಾರ ನೋಡದೆ ತಿನ್ನಲಿ.

ಬೇರೆ ದೇಶದವರು ತಿನ್ನೋದರಲ್ಲಿ ನಮ್ಮ ಅಡುಗೆಮನೆಯಲ್ಲಿ ಸಿಗೋದು ಏನಿದೆ?

ಅಲಸಂದೆ ಕಾಳು! ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಜನವರಿ 1ಕ್ಕೆ ಅಲಸಂದೆ ಮತ್ತು ಅನ್ನ ತಿನ್ನಲೇಬೇಕು. "ಹಾಪಿನ್ ಜಾನ್" ಎಂದು ಅದರ ಹೆಸರು, ಸಾಮಾನ್ಯವಾಗಿ ಹಂದಿ ಮಾಂಸ ಹಾಕಿ ಮಾಡುತ್ತಾರೆ. ಕಾಳು ಕಾಸಿಗೆ, ಜೊತೆಗಿನ ಕಾಲರ್ಡ್ ಸೊಪ್ಪು ನೋಟಿಗೆ, ಮೆಕ್ಕೆಜೋಳದ ಬ್ರೆಡ್ಡು ಬಂಗಾರಕ್ಕೆ ಲೆಕ್ಕ. ಅಲಸಂದೆಯ ತವರು ಆಫ್ರಿಕಾ. ಗುಲಾಮರಾಗಿ ಹಡಗಿನಲ್ಲಿ ಸಾಗಿಸಲ್ಪಟ್ಟವರ ಜೊತೆ ಅಮೆರಿಕಕ್ಕೆ ಹೋಯಿತು. ಅದೇ ಕಾಳು ಸಾವಿರಾರು ವರ್ಷದ ಹಿಂದೆಯೇ ನಮ್ಮ ಕಡೆಗೂ ಬಂದು ಹುಳಿಯಾಗಿ, ವಡೆಯಾಗಿ ಕೂತಿದೆ. ತಡಗುಣಿ ಎಂದರೆ ನಿಮ್ಮ ಅಜ್ಜಿಗೆ ಬೇಗ ಗೊತ್ತಾಗುತ್ತದೆ. ಜನವರಿ 1ಕ್ಕೆ ಏನಾದರೂ ಮಾಡಬೇಕು ಅನ್ನಿಸಿದರೆ ಅಲಸಂದೆ ಹುಳಿ, ಅನ್ನ, ದಂಟಿನ ಸೊಪ್ಪಿನ ಪಲ್ಯ ಮಾಡಿ. ಕಾಸು, ನೋಟು ಎರಡೂ ಬಂತು.

ಇಟಲಿಯವರು ವರ್ಷದ ಕೊನೆಯ ರಾತ್ರಿ ಕೊತೆಕೀನೋ ಎಂಬ ಹಂದಿ ಸಾಸೇಜ್ ಜೊತೆ ಮಸೂರ್ ತಿನ್ನುತ್ತಾರೆ. ನಮ್ಮ ಚನ್ನಂಗಿ ಬೇಳೆಯ ಇಡೀ ಕಾಳು. ಅದೂ ಚಿಕ್ಕ ಕಾಸಿನ ಹಾಗೆ ಚಪ್ಪಟೆ.

ಇದಕ್ಕೆಲ್ಲ ಒಂದು ಲೆಕ್ಕಾಚಾರ ಇದೆಯಾ, ಸುಮ್ನೆ ಹುಟ್ಟಿಕೊಂಡಿದ್ದಾ?

ಆಕಾರ ನೋಡಿ ಹುಟ್ಟಿದವು ಜಾಸ್ತಿ. ಮಸೂರ್ ಕಾಸಿನಂತೆ, ಚೀನಾದ ಜಿಯಾವೋಜಿ ಕಡುಬು ಹಳೇ ಬೆಳ್ಳಿ ಗಟ್ಟಿಯಂತೆ, ಫಿಲಿಪೀನ್ಸ್‌ನಲ್ಲಿ ಹನ್ನೆರಡು ಥರದ ದುಂಡು ಹಣ್ಣು. ಕೊರಿಯಾದ ತ್ತೊಕ್‌ಗುಕ್ ಸಾರಿನಲ್ಲಿ ಅಕ್ಕಿ ಹಿಟ್ಟಿನ ಬಿಲ್ಲೆಗಳು. ಅದನ್ನು ಕುಡಿದರೆ ಒಂದು ವಯಸ್ಸು ಏರಿತು ಎಂದು ಲೆಕ್ಕ.

ಹೆಸರಿನಿಂದ ಹುಟ್ಟಿದವು ಇನ್ನೂ ಮಜಾ. ಚೀನೀ ಭಾಷೆಯಲ್ಲಿ ಮೀನಿಗೂ ಉಳಿತಾಯಕ್ಕೂ "ಯೂ" ಎಂಬ ಒಂದೇ ಉಚ್ಚಾರ. ಹಾಗಾಗಿ ಹೊಸ ವರ್ಷದ ಮೀನನ್ನು ಪೂರ್ತಿ ತಿನ್ನುವುದಿಲ್ಲ, ಸ್ವಲ್ಪ ಉಳಿಸುತ್ತಾರೆ. ಜಪಾನಿನಲ್ಲಿ ಡಿಸೆಂಬರ್ 31ರ ರಾತ್ರಿ ಸೋಬಾ ನೂಡಲ್ಸ್. ಉದ್ದವಾಗಿದೆ, ಆಯಸ್ಸೂ ಉದ್ದವಾಗಲಿ ಎಂದು. ಸುಲಭವಾಗಿ ತುಂಡಾಗುತ್ತದೆ, ಹಳೇ ವರ್ಷದ ಕಷ್ಟವೂ ತುಂಡಾಗಲಿ ಎಂದು. ಒಂದೇ ನೂಡಲ್ಸ್‌ಗೆ ಎರಡು ಕೆಲಸ. ಗ್ರೀಸ್‌ನವರು ವಾಸಿಲೋಪಿತಾ ಕೇಕಿನೊಳಗೆ ನಾಣ್ಯವನ್ನೇ ಬಚ್ಚಿಟ್ಟುಬಿಡುತ್ತಾರೆ.

ಆ ದಿನ ತಿನ್ನಬಾರದ್ದು ಏನಾದರೂ ಇದೆಯಾ?

ಪಶ್ಚಿಮದ ಎಷ್ಟೋ ಕಡೆ ಕೋಳಿ ಬೇಡ ಎನ್ನುತ್ತಾರೆ, ಅದು ಹಿಂದಕ್ಕೆ ಕೆದರುತ್ತದೆ. ಹಂದಿ ಮೂತಿಯಿಂದ ಮುಂದಕ್ಕೆ ಅಗೆಯುತ್ತದೆ, ಅದು ಒಳ್ಳೆಯದು. ಜರ್ಮನಿಯಲ್ಲಿ ಬಾದಾಮಿ ಮಿಠಾಯಿಯ ಪುಟ್ಟ ಹಂದಿಮರಿ ಕೊಡುವುದೂ ಇದೇ ನಂಟಿಗೆ. ನಮ್ಮಲ್ಲಿ ಹಾಗಲಕಾಯಿಯ ಮಾತು ಆಗಲೇ ಹೇಳಿದೆ.

ಗುಜರಾತಿ ಪಕ್ಕದ ಮನೆಯವರು ಉಪ್ಪು ಕೊಟ್ಟರು. ಏನು ಮಾಡಲಿ?

ಅಡುಗೆಗೆ ಹಾಕಿ! ಗುಜರಾತಿನಲ್ಲಿ ಹೊಸ ವರ್ಷದ ಬೆಳಗಿನ ಜಾವ "ಸಬರಸ್" ಎಂದು ಕೂಗುತ್ತಾ ಕಲ್ಲುಪ್ಪು ಮನೆಬಾಗಿಲಿಗೆ ತರುತ್ತಾರೆ. ಆ ದಿನದ ಮೊದಲ ಖರೀದಿ ಅದೇ. ನಮ್ಮ ಮನೆಗಳಲ್ಲೂ ಗೃಹಪ್ರವೇಶಕ್ಕೆ ಉಪ್ಪು ಒಯ್ಯುತ್ತೇವಲ್ಲ.

ಜನವರಿ 1ಕ್ಕೆ ಕೇಕ್ ತಿನ್ನೋದು ನಮ್ಮ ಸಂಪ್ರದಾಯ ಅಲ್ಲ ಅಂತ ಮಾವ ಬೈತಾರೆ.

ನಿಮ್ಮ ಮಾವನಿಗೆ ಒಂದು ತುಂಡು ಹನಿ ಕೇಕ್ ಕೊಡಿ. ಡಿಸೆಂಬರ್ 31ರ ಸಂಜೆ ಬೇಕರಿಯ ಮುಂದೆ ಶಾಮಿಯಾನ ಹಾಕಿ, ಮೇಜಿನ ಮೇಲೆ ಕೇಕ್ ಡಬ್ಬಿ ಗೋಪುರ ಕಟ್ಟಿ ಮಾರುವುದನ್ನು ನೋಡುತ್ತಲೇ ಬೆಳೆದವರು ನಾವು. ಅಯ್ಯಂಗಾರ್ ಬೇಕರಿಯ ಮೊಟ್ಟೆಯಿಲ್ಲದ ಕೇಕ್ ಇಲ್ಲದಿದ್ದರೆ ಎಷ್ಟೋ ಮಡಿವಂತರ ಮನೆಗೆ ಜನವರಿ 1 ಬರುತ್ತಲೇ ಇರಲಿಲ್ಲ. ಸಂಪ್ರದಾಯವೋ ಅಲ್ಲವೋ, ಗುಲಾಬಿ ಕ್ರೀಮಿನ ಹೂ ಯಾರಿಗೆ ಎಂಬ ಜಗಳ ಮಾತ್ರ ನಮ್ಮ ಮನೆಯಲ್ಲಿ ಪರಂಪರೆಯಿಂದ ಬಂದಿದೆ.

ಶುಗರ್ ಇದೆ. ಬೆಲ್ಲದ ಒಬ್ಬಟ್ಟು ಪರವಾಗಿಲ್ವಾ?

ಬೆಲ್ಲವೂ ಸಕ್ಕರೆಯೇ. ರಕ್ತಕ್ಕೆ ಹೋದ ಮೇಲೆ ದೊಡ್ಡ ವ್ಯತ್ಯಾಸವಿಲ್ಲ. ಅರ್ಧ ಒಬ್ಬಟ್ಟು, ಜೊತೆಗೆ ಕೋಸಂಬರಿ ಜಾಸ್ತಿ, ಮಾವಿನಕಾಯಿ ಚಿತ್ರಾನ್ನ ಕಮ್ಮಿ. ಮಾತ್ರೆ-ಇಂಜೆಕ್ಷನ್ ಲೆಕ್ಕ ನಿಮ್ಮ ಡಾಕ್ಟರನ್ನೇ ಕೇಳಿ.

ಈ ವರ್ಷ ಮನೆಯಲ್ಲಿ ಸಾವಾಗಿದೆ. ಬೇವು-ಬೆಲ್ಲ ತಿನ್ನಬಹುದಾ?

ವರ್ಷದೊಳಗೆ ಸಾವಾದ ಮನೆಯಲ್ಲಿ ಹಬ್ಬ ಮಾಡುವುದಿಲ್ಲ, ಒಬ್ಬಟ್ಟಿಗೆ ಕಾವಲಿ ಇಡುವುದಿಲ್ಲ ಎಂಬುದು ಹೆಚ್ಚಿನವರ ರೂಢಿ. ಎಷ್ಟು ಆಚರಿಸುವುದು ಎನ್ನುವುದು ಮನೆಯಿಂದ ಮನೆಗೆ ಬೇರೆ. ನಿಮ್ಮ ಹಿರಿಯರು ಹೇಳಿದ ಹಾಗೆ ನಡೆಯಿರಿ. ಅಕ್ಕಪಕ್ಕದವರಿಗೆ ನನ್ನದೊಂದು ಮಾತಿದೆ. ಅಂಥ ಮನೆಗೆ ನೆಂಟರು, ನೆರೆಯವರು ಅಡುಗೆ ಒಯ್ದು ಕೊಡುವುದೂ ನಮ್ಮ ರೂಢಿಯೇ. ಅಪ್ಪ ಹೋದ ವರ್ಷ ಯುಗಾದಿಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಬರೀ ಅನ್ನ-ಸಾರು. ಕೆಳಗಿನ ಮನೆಯ ತೆಲುಗು ಆಂಟಿ ಬೆಲ್ ಮಾಡಿ, ಏನೂ ಹೇಳದೆ ಒಂದು ಡಬ್ಬಿ ಕೈಗಿಟ್ಟು ಇಳಿದು ಹೋದರು. ಪಚ್ಚಡಿ ಇತ್ತು, ಎರಡು ಬೊಬ್ಬಟ್ಟು ಇತ್ತು. ಅಮ್ಮ ಪಚ್ಚಡಿಯಲ್ಲಿನ ಬೇವಿನ ಹೂವನ್ನು ಮಾತ್ರ ಬೆರಳಲ್ಲಿ ತೆಗೆದು ತಿಂದಳು. "ಬೆಲ್ಲ ಮುಂದಿನ ವರ್ಷಕ್ಕಿರಲಿ" ಅಂದಳು.

ಇದೆಲ್ಲ ತಿಂದರೆ ನಿಜವಾಗ್ಲೂ ಅದೃಷ್ಟ ಬರುತ್ತಾ?

ನಾನು ಹುಟ್ಟಿದಾಗಿನಿಂದ ಬೇವು-ಬೆಲ್ಲ ತಿನ್ನುತ್ತಿದ್ದೇನೆ. ಲಾಟರಿ ಹೊಡೆದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿಲ್ಲ.

ಉಳಿದ ಒಬ್ಬಟ್ಟು ಎಷ್ಟು ದಿನ ಇಡಬಹುದು?

ಬೇಳೆ ಒಬ್ಬಟ್ಟು ಬೆಂಗಳೂರಿನ ಮಾರ್ಚ್ ಸೆಕೆಗೆ ಹೊರಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಫ್ರಿಜ್‌ನಲ್ಲಿ ನಾಲ್ಕೈದು ದಿನ. ಕಾಯಿ ಒಬ್ಬಟ್ಟಿನ ಹೂರಣವನ್ನು ಚೆನ್ನಾಗಿ ಒಣಗುವ ಹಾಗೆ ಕಾಯಿಸಿದ್ದರೆ ಇನ್ನೂ ಒಂದೆರಡು ದಿನ ಜಾಸ್ತಿ ಇರುತ್ತದೆ. ಪೂರ್ತಿ ಆರಿದ ಮೇಲೆ, ನಡುನಡುವೆ ಬಟರ್ ಪೇಪರ್ ಇಟ್ಟು ಡಬ್ಬಿಗೆ ಹಾಕಿ. ತಿನ್ನುವಾಗ ಮೈಕ್ರೋವೇವ್ ಬೇಡ, ಚರ್ಮದಂತಾಗುತ್ತದೆ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ, ಮೇಲೆ ಒಂದು ಚಮಚ ತುಪ್ಪ. ಹುಳಿ ವಾಸನೆ ಬಂದರೆ ಯೋಚಿಸದೆ ಎಸೆಯಿರಿ. ಒಬ್ಬಟ್ಟಿನ ಸಾರನ್ನು ಮಾತ್ರ ದಿನಕ್ಕೆರಡು ಸಲ ಕುದಿಸಿಟ್ಟರೆ ಮೂರನೇ ದಿನಕ್ಕೂ ಬರುತ್ತದೆ. ಜಾಸ್ತಿ ಆಯಿತು ಅನ್ನಿಸಿದರೆ ಎರಡನೇ ಮಹಡಿ, ಎಡಗಡೆಯ ಮನೆ. ಡಬ್ಬಿ ತೊಳೆದು ವಾಪಸ್ ಕೊಡುತ್ತೇನೆ.